ಅಟ್ಟಕ್ಕೆ ಕಂಬಳಿ ಹೊದಿಸುವ ಮುನ್ನ ತೂತು ಮುಚ್ಚಿ

ಕೆಳಗೆ ಅಡುಗೆಮನೆಯಲ್ಲಿ ಸಾರಿಗೆ ಇಂಗಿನ ಒಗ್ಗರಣೆ ಬಿತ್ತು. ಅಟ್ಟದಲ್ಲಿ ಮಂಡಿಯೂರಿ ಕೂತಿದ್ದ ನನ್ನ ಮೂಗಿಗೆ ಅದು ತಲುಪಲು ಅರೆ ನಿಮಿಷವೂ ಬೇಕಾಗಲಿಲ್ಲ. ಅಟ್ಟದ ಮುಚ್ಚಳ ಹಾಕಿತ್ತು, ನಡುವೆ ಡ್ರೈವಾಲ್ ಎಂಬ ಜಿಪ್ಸಂ ಹಲಗೆಯ ಸೀಲಿಂಗ್ ಇತ್ತು, ಅದರ ಮೇಲೆ 6 ಇಂಚಿನ ಹಳೇ ಫೈಬರ್‌ಗ್ಲಾಸ್ (ಗಾಜಿನೆಳೆ) ಹಾಸು ಇತ್ತು. ಆದರೂ ಇಂಗು ದಾರಿ ಕಂಡುಕೊಂಡಿತ್ತು. ಇಂಗಿಗೆ ದಾರಿ ಸಿಕ್ಕಿದ ಮೇಲೆ ಜನವರಿಯ ರಾತ್ರಿ ಫರ್ನೇಸ್ ಕಾಸಿ ಕೊಟ್ಟ ಗಾಳಿಗೆ ಸಿಗದೇ ಇರುತ್ತದೆಯೇ?

ಡೆಟ್ರಾಯ್ಟ್ ಹೊರವಲಯದ ನಮ್ಮ ಮನೆ 1961ರದ್ದು. ಒಂದೇ ಅಂತಸ್ತು, ಕೆಳಗೆ ಬೇಸ್‌ಮೆಂಟ್, ಮೇಲೆ ನಡು ಬಗ್ಗಿಸಿಯೇ ಓಡಾಡಬೇಕಾದ ಅಟ್ಟ. ಅಮೆರಿಕದ ಉತ್ತರ ಭಾಗದಲ್ಲಿ ಹಳೇ ಮನೆ ಕೊಂಡ ಕನ್ನಡಿಗರಲ್ಲಿ ಬಹಳ ಮಂದಿಗೆ ಇಂಥದೇ ಅಟ್ಟ ಇರುತ್ತದೆ, ಮತ್ತು ಬಹಳ ಮಂದಿ ಅದರೊಳಗೆ ಒಮ್ಮೆಯೂ ತಲೆ ಹಾಕಿರುವುದಿಲ್ಲ. ಊರಿನ ಅಟ್ಟಕ್ಕೂ ಇದಕ್ಕೂ ಹೆಸರೊಂದೇ ಹೋಲಿಕೆ. ಅಲ್ಲಿ ಅಡಿಕೆ, ಹಳೇ ಪಾತ್ರೆ, ತೊಟ್ಟಿಲು ಇಡುತ್ತೇವೆ. ಇಲ್ಲಿ ಮನೆಯ ಕಂಬಳಿ, ಅಂದರೆ ಶಾಖ ದಾಟದಂತೆ ತಡೆಯುವ ಇನ್ಸುಲೇಶನ್, ಇರುವುದೇ ಅಟ್ಟದಲ್ಲಿ. ಆ ಕಂಬಳಿ ತೆಳ್ಳಗಾಗಿದ್ದರೆ ಯಂತ್ರದಿಂದ ಊದಿ ದಪ್ಪ ಮಾಡಿಕೊಳ್ಳುವುದನ್ನು ಇಬ್ಬರು ಸೇರಿ ನಾವೇ ಮಾಡಬಹುದು. ಊದುವ ಕೆಲಸ ಅರ್ಧ ದಿನದ್ದು. ಅದಕ್ಕೆ ಮುಂಚಿನ ತಯಾರಿಗೆ ನನಗೆ ಎರಡು ವಾರಾಂತ್ಯ ಬೇಕಾಯಿತು. ಈ ಲೇಖನದಲ್ಲೂ ಹೆಚ್ಚಿನ ಪಾಲು ಆ ತಯಾರಿಗೇ ಹೋಗಿದೆ.

ಇಲ್ಲಿ ಹೇಳುವುದೆಲ್ಲ ಮೇಲ್ಗಡೆ ಯಾರೂ ವಾಸಿಸದ, ನೆಲಕ್ಕೆ ಹಲಗೆ ಹೊಡೆಯದ ಬಯಲು ಅಟ್ಟಕ್ಕೆ. ಅಟ್ಟವನ್ನೇ ಕೋಣೆ ಮಾಡಿಕೊಂಡಿದ್ದರೆ, ಅಥವಾ ಸೀಲಿಂಗ್ ನೇರ ಛಾವಣಿಯ ಇಳಿಜಾರಿಗೇ ಅಂಟಿದ್ದರೆ ವಿಧಾನ ಬೇರೆ.

ಮೊದಲು ಹತ್ತಿ ನೋಡಿ

ತಲೆಗೆ ಕಟ್ಟುವ ಟಾರ್ಚ್, ಎನ್-95 ಅಥವಾ ಅದಕ್ಕಿಂತ ಒಳ್ಳೆಯ ಮಾಸ್ಕ್, ಕಣ್ಣಿಗೆ ಗಾಗಲ್, ತುಂಬುತೋಳಿನ ಹಳೇ ಅಂಗಿ, ಕೈಗವಸು. ಜೊತೆಗೆ ಎರಡು ಗಟ್ಟಿ ಹಲಗೆ. ಅಟ್ಟದಲ್ಲಿ ಕಾಲಿಡಬೇಕಾದದ್ದು ಜಂತೆಗಳ ಮೇಲೆ ಮಾತ್ರ. ಎರಡು ಜಂತೆಗಳ ನಡುವೆ ನಿಮ್ಮ ಭಾರ ಹೊರುವುದು ಅರ್ಧ ಇಂಚಿನ ಡ್ರೈವಾಲ್, ಅಂದರೆ ಯಾವುದೂ ಇಲ್ಲವೆಂದೇ ತಿಳಿಯಿರಿ. ಹಲಗೆಯನ್ನು ಅಡ್ಡಲಾಗಿ ಮೂರು ಜಂತೆಗಳ ಮೇಲೆ ಇಟ್ಟು, ಅದರ ಮೇಲೆ ಕೂತು, ಇನ್ನೊಂದನ್ನು ಮುಂದಕ್ಕೆ ಸರಿಸಿಕೊಂಡು ಹೋಗಿ.

ಏಪ್ರಿಲ್-ಮೇ ಅಥವಾ ಅಕ್ಟೋಬರ್ ಒಳ್ಳೆಯ ಕಾಲ. ಬೇಸಿಗೆಯ ಮಧ್ಯಾಹ್ನ ಅಟ್ಟದ ಬಿಸಿ 120 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ. ಬೇಸಿಗೆಯಲ್ಲೇ ಮಾಡಬೇಕಾದರೆ ಬೆಳಗ್ಗೆ ಐದಕ್ಕೆ ಹತ್ತಿ, ಒಂಬತ್ತಕ್ಕೆ ಇಳಿದುಬಿಡಿ.

ಕೆಲವನ್ನು ಕಂಡರೆ ಕೆಲಸ ಅಲ್ಲೇ ನಿಲ್ಲಿಸಬೇಕು. ಬೂದು ಅಥವಾ ಚಿನ್ನದ ಕಂದು ಬಣ್ಣದ, ಹೊಳೆಯುವ ಸಣ್ಣ ಹರಳಿನಂಥ ಪದಾರ್ಥ ಜಂತೆಗಳ ನಡುವೆ ಸುರಿದಿದ್ದರೆ ಅದು ವರ್ಮಿಕ್ಯುಲೈಟ್. ಮೊಂಟಾನಾದ ಲಿಬ್ಬಿ ಎಂಬ ಊರಿನ ಗಣಿ 1990ರಲ್ಲಿ ಮುಚ್ಚಿತು. ಅಲ್ಲಿಯವರೆಗೆ ಅಮೆರಿಕದಲ್ಲಿ ಮಾರಾಟವಾದ ವರ್ಮಿಕ್ಯುಲೈಟ್‌ನಲ್ಲಿ 70%ಕ್ಕೂ ಹೆಚ್ಚು ಬಂದದ್ದು ಆ ಒಂದೇ ಗಣಿಯಿಂದ, ಮತ್ತು ಅದರ ಜೊತೆ ಶ್ವಾಸಕೋಶಕ್ಕೆ ಮಾರಕವಾದ ಆಸ್ಬೆಸ್ಟಾಸ್ ನಾರು ಬೆರೆತಿತ್ತು. ಜೋನೊಲೈಟ್ ಎಂಬ ಹೆಸರಿನಲ್ಲಿ ಮನೆಮನೆಯ ಅಟ್ಟ ಸೇರಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಹೇಳುವುದು ಇಷ್ಟೇ: ಅದರಲ್ಲಿ ಆಸ್ಬೆಸ್ಟಾಸ್ ಇದೆಯೆಂದೇ ಭಾವಿಸಿ, ಕೆದಕಬೇಡಿ. ಸದ್ದಿಲ್ಲದೆ ಕೆಳಗಿಳಿದು, ಮುಚ್ಚಳ ಹಾಕಿ, ಪರವಾನಗಿ ಇರುವ ಆಸ್ಬೆಸ್ಟಾಸ್ ತೆಗೆಯುವವರನ್ನು ಕರೆಯಿರಿ. ಇದರಲ್ಲಿ ಉಳಿತಾಯದ ಯೋಚನೆ ಬೇಡ.

ಎರಡನೆಯದು ಹಳೇ ವೈರಿಂಗ್. ಬಿಳೀ ಪಿಂಗಾಣಿ ಗುಬ್ಬಿಗಳ ಮೇಲೆ ಒಂಟೊಂಟಿ ತಂತಿ ಓಡಿದ್ದರೆ ಅದು 1940ರ ದಶಕಕ್ಕಿಂತ ಹಿಂದಿನ ಪದ್ಧತಿ. ಆ ತಂತಿ ತನ್ನ ಬಿಸಿಯನ್ನು ಸುತ್ತಲಿನ ಗಾಳಿಗೆ ಬಿಟ್ಟೇ ತಣ್ಣಗಾಗಬೇಕು. ಇನ್ಸುಲೇಶನ್ ಅಡಿ ಹೂತರೆ ಬೆಂಕಿಗೆ ಆಹ್ವಾನ ಕೊಟ್ಟಂತೆ. ಎಲೆಕ್ಟ್ರಿಷಿಯನ್ ಬಂದು ಬದಲಿಸುವವರೆಗೆ ಊದುವ ಮಾತಿಲ್ಲ. ಮೂರನೆಯದು ನೀರು. ಛಾವಣಿಯ ಹಲಗೆಯಲ್ಲಿ ಕಪ್ಪು ಕಲೆ, ತೇವ, ಬೂಸ್ಟು ಕಂಡರೆ ಮೊದಲು ಸೋರಿಕೆ ಸರಿಪಡಿಸಿ. ಒದ್ದೆ ಕಂಬಳಿ ಹೊದ್ದು ಮಲಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲಿ, ಅಳಿಲಿನ ಹಿಕ್ಕೆ ಹರಡಿಕೊಂಡಿರುವ ಹಳೇ ಹಾಸನ್ನೂ ತೆಗೆದೇ ಮುಂದುವರಿಯಿರಿ. ಹಿಕ್ಕೆಯನ್ನು ಒಣಗಿದ್ದಾಗ ಗುಡಿಸಬೇಡಿ, ಸೋಂಕುನಾಶಕ ಚಿಮುಕಿಸಿ ನೆನೆಸಿ ಬಾಚಿಕೊಳ್ಳಿ.

ಇವಾವುದೂ ಇಲ್ಲದಿದ್ದರೆ, ಹಳೇ ಫೈಬರ್‌ಗ್ಲಾಸ್ ಒಣಗಿ ಶುಚಿಯಾಗಿದ್ದರೆ, ಅದನ್ನು ಕೀಳಬೇಕಿಲ್ಲ. ಹೊಸದನ್ನು ಅದರ ಮೇಲೇ ಊದಬಹುದು.

ಎಷ್ಟು ದಪ್ಪ ಬೇಕು

ಶಾಖ ದಾಟದಂತೆ ತಡೆಯುವ ಶಕ್ತಿಯನ್ನು ಇಲ್ಲಿ ಆರ್-ವ್ಯಾಲ್ಯೂ ಎಂದು ಅಳೆಯುತ್ತಾರೆ, ಹೆಚ್ಚಿದ್ದಷ್ಟೂ ಒಳ್ಳೆಯದು. ಅಮೆರಿಕ ಸರ್ಕಾರದ ಇಂಧನ ಉಳಿತಾಯ ಯೋಜನೆ ಎನರ್ಜಿ ಸ್ಟಾರ್‌ನ ಪಟ್ಟಿಯ ಪ್ರಕಾರ ಮಿಷಿಗನ್, ಇಲಿನಾಯ್, ಒಹಾಯೊ, ನ್ಯೂಜೆರ್ಸಿಯಂಥ ಚಳಿ ಸೀಮೆಯಲ್ಲಿ ಬರಿದಾದ ಅಟ್ಟಕ್ಕೆ ಆರ್-60. ಆಗಲೇ 3-4 ಇಂಚಿನ ಹಾಸು ಇದ್ದರೆ ಅದರ ಮೇಲೆ ಇನ್ನೂ ಆರ್-49. ಡಲ್ಲಾಸ್, ಹ್ಯೂಸ್ಟನ್ ಕಡೆಗೆ ಬರಿದಾದ ಅಟ್ಟಕ್ಕೆ ಆರ್-49 ಸಾಕು. ಕೆನಡಾದಲ್ಲಿರುವವರು ಮೂಟೆಯ ಮೇಲೆ ಆರ್‌ಎಸ್‌ಐ ಎಂಬ ಮೆಟ್ರಿಕ್ ಅಂಕಿ ಕಂಡು ಗಾಬರಿಯಾಗಬೇಡಿ. ಆರ್-60 ಅಂದರೆ ಆರ್‌ಎಸ್‌ಐ 10.6.

ನಮ್ಮಲ್ಲಿದ್ದ 6 ಇಂಚಿನ ಫೈಬರ್‌ಗ್ಲಾಸ್ ಹೊಸದಾಗಿದ್ದಾಗ ಆರ್-19. ಕುಗ್ಗಿ ಕೂತ ಅದಕ್ಕೆ ಪೂರ್ತಿ ಅಂಕ ಕೊಡುವುದು ಸರಿಯಲ್ಲವೆನಿಸಿತು. ಮೇಲೆ ಆರ್-40ರಷ್ಟು ಸೇರಿಸೋಣ ಎಂದುಕೊಂಡೆ.

ಇನ್ನು ಯಾವ ಪದಾರ್ಥ? ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಎರಡು. ಒಂದು ಸೆಲ್ಯುಲೋಸ್, ಅಂದರೆ ರದ್ದಿ ಪೇಪರು. ಹಳೇ ಪತ್ರಿಕೆಗಳನ್ನು ನುಣ್ಣಗೆ ಹರಿದು, ಬೆಂಕಿ ಬೇಗ ಹತ್ತದಂತೆ ಬೋರೇಟ್ ಉಪ್ಪು ಬೆರೆಸಿರುತ್ತಾರೆ. ಹುಳುಹುಪ್ಪಟೆಗೂ ಅದು ಒಗ್ಗುವುದಿಲ್ಲ. ಒಂದು ಇಂಚಿಗೆ ಸುಮಾರು ಆರ್-3.5. ಇನ್ನೊಂದು ಊದುವ ಫೈಬರ್‌ಗ್ಲಾಸ್, ಇಂಚಿಗೆ ಸುಮಾರು ಆರ್-2.5. ಇದು ಹಗುರ, ಧೂಳು ಕಡಿಮೆ, ಆದರೆ ಅಷ್ಟೇ ಆರ್-ವ್ಯಾಲ್ಯೂ ಬೇಕೆಂದರೆ ಹೆಚ್ಚು ಎತ್ತರ ತುಂಬಬೇಕು.

ನಾನು ಸೆಲ್ಯುಲೋಸ್ ಆರಿಸಿಕೊಂಡೆ. ದಟ್ಟವಾಗಿ ಕೂರುವುದರಿಂದ ಗಾಳಿ ಅದರೊಳಗೆ ಸುಲಭವಾಗಿ ಸುಳಿಯುವುದಿಲ್ಲ, ಹೊರಗಿನ ಸದ್ದೂ ತಗ್ಗುತ್ತದೆ. ರದ್ದಿ ಪೇಪರು ಕಿಲೋಗೆ ಎಷ್ಟು ಎಂದು ತೂಗಿ ಮಾರಿ ಬೆಳೆದವನಿಗೆ ಅದನ್ನೇ ದುಡ್ಡು ಕೊಟ್ಟು ಕೊಳ್ಳುವುದು ಮೊದಲ ದಿನ ಸ್ವಲ್ಪ ಕಷ್ಟವೇ ಆಯಿತು. ಆದರೆ ಎಲ್ಲರಿಗೂ ಸೆಲ್ಯುಲೋಸೇ ಎಂದು ಹೇಳಲಾರೆ, ಅದು ಭಾರ. ಆರ್-40ರಷ್ಟು ಊದಿದರೆ ಪ್ರತಿ ಚದರಡಿಗೆ ಹತ್ತಿರ ಹತ್ತಿರ ಒಂದೂವರೆ ಪೌಂಡ್ ಬೀಳುತ್ತದೆ. ನಮ್ಮ ಜಂತೆಗಳು 16 ಇಂಚಿಗೊಂದು ಇರುವುದರಿಂದ ಸೀಲಿಂಗ್ ಅದನ್ನು ಹೊರುತ್ತದೆ. 1970ರ ನಂತರದ ಎಷ್ಟೋ ಮನೆಗಳಲ್ಲಿ ಜಂತೆಯ ಬದಲು 24 ಇಂಚಿಗೊಂದು ಟ್ರಸ್ (ಮರದ ತ್ರಿಕೋನ ಚೌಕಟ್ಟು) ಇದ್ದು, ಕೆಳಗೆ ಮಾಮೂಲಿ ಅರ್ಧ ಇಂಚಿನ ಡ್ರೈವಾಲ್ ಹೊಡೆದಿರುತ್ತಾರೆ. ಅಲ್ಲಿ ಡ್ರೈವಾಲ್ ಹೊರಬಹುದಾದ ಭಾರ ಚದರಡಿಗೆ 1.3 ಪೌಂಡ್. ಅಂಥ ಮನೆಯಲ್ಲಿ ನಾನಾಗಿದ್ದರೆ ಫೈಬರ್‌ಗ್ಲಾಸೇ ಊದುತ್ತಿದ್ದೆ. ಸೀಲಿಂಗ್ ಬಿದ್ದೇಹೋಗುತ್ತದೆಂದಲ್ಲ, ವರ್ಷಗಳಲ್ಲಿ ಹೊಟ್ಟೆ ಬಿಟ್ಟುಕೊಂಡು ಜೋತುಬೀಳುತ್ತದೆ.

ಮೂಟೆ ಎಷ್ಟು ಬೇಕೆಂಬುದಕ್ಕೆ ಮೂಟೆಯ ಮೇಲೇ ಕೋಷ್ಟಕ ಅಚ್ಚಾಗಿರುತ್ತದೆ. ಕೇಂದ್ರ ಸರ್ಕಾರದ ನಿಯಮದಂತೆ ಅದನ್ನು ಅಚ್ಚು ಹಾಕಲೇಬೇಕು. ಬೇಕಾದ ಆರ್-ವ್ಯಾಲ್ಯೂ ಸಾಲಿಗೆ ಹೋಗಿ, ಸಾವಿರ ಚದರಡಿಗೆ ಎಷ್ಟು ಮೂಟೆ ಎಂಬ ಅಂಕಿ ನೋಡಿ. ಅದು 55 ಎಂದಿಟ್ಟುಕೊಳ್ಳಿ, ಅಟ್ಟ 1,200 ಚದರಡಿ ಇದ್ದರೆ 66 ಮೂಟೆ. ಅದೇ ಸಾಲಿನಲ್ಲಿ ಎರಡು ಎತ್ತರಗಳಿರುತ್ತವೆ, ಊದಿದ ದಿನದ್ದು ಮತ್ತು ಕುಗ್ಗಿ ನೆಲೆ ನಿಂತ ಮೇಲಿನದು. ಎರಡನ್ನೂ ಬರೆದಿಟ್ಟುಕೊಳ್ಳಿ.

ತೂತು ಹುಡುಕುವುದು

ಬಿಸಿಗಾಳಿ ಮೇಲೇರುತ್ತದೆ. ಅಟ್ಟದ ತೂತುಗಳಿಂದ ಅದು ಹೊರಬಿದ್ದಷ್ಟೂ, ಆ ಜಾಗ ತುಂಬಲು ಬೇಸ್‌ಮೆಂಟಿನ ಸಂದಿಗಳಿಂದ ತಣ್ಣನೆಯ ಗಾಳಿ ಒಳನುಗ್ಗುತ್ತದೆ. ಒಟ್ಟು ಮನೆಯೇ ಹೊಗೆಗೂಡಿನಂತೆ ಕೆಲಸ ಮಾಡುತ್ತದೆ. ಕಂಬಳಿ ಬೆಚ್ಚಗಿಡುವುದು ಅದರ ಎಳೆಗಳ ನಡುವೆ ಸಿಕ್ಕಿ ಅಲ್ಲಾಡದೆ ನಿಂತ ಗಾಳಿಯಿಂದ. ಊದುವ ಇನ್ಸುಲೇಶನ್ನಿನ ಗುಟ್ಟೂ ಅಷ್ಟೇ. ತಳದಿಂದ ಗಾಳಿ ತೂರಿಕೊಂಡು ಹೋಗುತ್ತಿದ್ದರೆ ಒಂದಡಿ ದಪ್ಪ ಊದಿದರೂ ಜಾಲರಿ ಹೊದ್ದಂತೆ. ಆ ಗಾಳಿಯ ಜೊತೆ ಸ್ನಾನದ, ಅಡುಗೆಯ ಹಬೆಯೂ ಹೋಗಿ ತಣ್ಣನೆಯ ಛಾವಣಿ ಹಲಗೆಗೆ ಹಿಮವಾಗಿ ಅಂಟಿ, ಬಿಸಿಲು ಬಿದ್ದ ದಿನ ತೊಟ್ಟಿಕ್ಕುತ್ತದೆ. ಸೋರಿದ ಶಾಖಕ್ಕೆ ಛಾವಣಿಯ ಮಂಜು ಕರಗಿ, ಸೂರಿನ ತುದಿಯಲ್ಲಿ ಮತ್ತೆ ಹೆಪ್ಪುಗಟ್ಟಿ ಒಡ್ಡಾಗುವುದೂ ಇದರಿಂದಲೇ. ಚಳಿಗಾಲದಲ್ಲಿ ನಿಮ್ಮ ಸೂರಿನಿಂದ ಆಳೆತ್ತರದ ಮಂಜಿನ ಕೋಲು ಇಳಿಬಿದ್ದರೆ ಫೋಟೋ ತೆಗೆದುಕೊಳ್ಳಿ, ಜೊತೆಗೆ ಅಟ್ಟವನ್ನೂ ನೋಡಿ.

ಹುಡುಕಲು ದುಬಾರಿ ಉಪಕರಣ ಬೇಕಿಲ್ಲ. ಚಳಿ ಇರುವ, ಗಾಳಿ ಬೀಸದ ದಿನ ಮನೆಯೊಳಗೆ ಊದಿನಕಡ್ಡಿ ಹಚ್ಚಿ ಅಟ್ಟದ ಮುಚ್ಚಳದ ಅಂಚಿಗೆ, ಸೀಲಿಂಗ್ ಲೈಟುಗಳ ಬಳಿಗೆ, ಬಚ್ಚಲಿನ ಫ್ಯಾನಿನ ಸುತ್ತ ಹಿಡಿಯಿರಿ. ಹೊಗೆ ಸೆಳೆದುಕೊಂಡು ಹೋದ ಕಡೆ ತೂತಿದೆ. ದೇವರ ಮನೆಯಲ್ಲಿ ಮಿಕ್ಕಿದ್ದು ಸಾಕು. ಆದರೆ ಇದು ಕೆಳಗಿನಿಂದ ಮಾತ್ರ ಮಾಡುವ ಪರೀಕ್ಷೆ. ಉರಿಯುವ ಕಡ್ಡಿ ಹಿಡಿದು ಧೂಳಿನ ಅಟ್ಟ ಹತ್ತಬೇಡಿ.

ಅಟ್ಟದೊಳಗೆ ಗುರುತು ಬೇರೆ. ಹಳೇ ಫೈಬರ್‌ಗ್ಲಾಸನ್ನು ಅಲ್ಲಲ್ಲಿ ಎತ್ತಿ ಅಡಿ ನೋಡಿ. ಕಪ್ಪಗೆ ಮಸಿ ಹಿಡಿದಂತಿದ್ದರೆ ಅದು ಬೂಸ್ಟೆಂದು ತಕ್ಷಣ ಹೆದರಬೇಡಿ. ಹೆಚ್ಚಾಗಿ ಅದು ವರ್ಷಾನುಗಟ್ಟಲೆ ಮೇಲೇರಿದ ಗಾಳಿಯ ಧೂಳನ್ನು ಹಾಸು ಸೋಸಿಕೊಂಡ ಗುರುತು. ಸರಿಯಾಗಿ ಅದರ ಕೆಳಗೆ ತೂತಿರುತ್ತದೆ. ಒಳಗೋಡೆಗಳ ನೆತ್ತಿಯ ಮರ ಮತ್ತು ಡ್ರೈವಾಲ್ ಸೇರುವ ಸಂದಿ, ತಂತಿ ಇಳಿಯುವ ರಂಧ್ರ, ಬಚ್ಚಲಿನಿಂದ ಮೇಲೇರುವ ದಪ್ಪ ಪೈಪಿನ ಸುತ್ತಲಿನ ಕಂಡಿ, ಇಷ್ಟು ಎಲ್ಲರ ಮನೆಯಲ್ಲೂ ಇರುತ್ತವೆ.

ನಮ್ಮ ಇಂಗಿನ ದಾರಿ ಸಿಕ್ಕಿದ್ದು ಅಡುಗೆಮನೆಯ ಕಪಾಟುಗಳ ನೆತ್ತಿಯಲ್ಲಿ. ಕಪಾಟಿಗೂ ಸೀಲಿಂಗಿಗೂ ನಡುವೆ ಪೆಟ್ಟಿಗೆಯಂತೆ ಇಳಿಬಿಟ್ಟ ಭಾಗ ಇರುತ್ತದಲ್ಲ, ಅದಕ್ಕೆ ಮೇಲ್ಗಡೆ ಮುಚ್ಚಳವೇ ಇರಲಿಲ್ಲ. 1961ರಲ್ಲಿ ಕಟ್ಟಿದವರು ಅದರ ಮೇಲೆ ಫೈಬರ್‌ಗ್ಲಾಸ್ ಹಾಸಿ ಮನೆಗೆ ಹೋಗಿದ್ದರು. ಒಂಬತ್ತಡಿ ಉದ್ದ, ಒಂದಡಿ ಅಗಲದ ಕಿಟಕಿ ತೆರೆದಿಟ್ಟುಕೊಂಡು ನಾವು ಥರ್ಮೋಸ್ಟಾಟ್ ವಿಚಾರಕ್ಕೆ ಜಗಳವಾಡುತ್ತಿದ್ದೆವು.

ಮುಚ್ಚುವುದು

ಕಾಲಿಂಚಿಗಿಂತ ಸಣ್ಣ ಸಂದಿಗೆ ಗನ್ನಿನಿಂದ ಒತ್ತುವ ಸೀಲೆಂಟ್. ಅಲ್ಲಿಂದ ಮೂರಿಂಚಿನವರೆಗೆ ಡಬ್ಬಿಯಲ್ಲಿ ಬರುವ ಉಬ್ಬುವ ಫೋಮ್. ಅದಕ್ಕಿಂತ ದೊಡ್ಡದಕ್ಕೆ ಗಟ್ಟಿ ಫೋಮ್ ಹಲಗೆ ಅಥವಾ ಡ್ರೈವಾಲ್ ತುಂಡು ಕತ್ತರಿಸಿ ಮುಚ್ಚಿ, ಸುತ್ತಲಿನ ಅಂಚಿಗೆ ಫೋಮ್. ಫೋಮ್ ಕೈಗೆ ಅಂಟಿದರೆ ವಾರಗಟ್ಟಲೆ ಬಿಡುವುದಿಲ್ಲ, ಬಟ್ಟೆಗೆ ಅಂಟಿದರೆ ಬಟ್ಟೆ ಮರೆತುಬಿಡಿ. ಒಂದು ಕಡೆಯಿಂದ ಹಾಸನ್ನು ಸುತ್ತುತ್ತಾ, ಮುಚ್ಚುತ್ತಾ, ಮತ್ತೆ ಹಾಸುತ್ತಾ ಹೋಗಿ. ಇಲ್ಲದಿದ್ದರೆ ಮುಚ್ಚಿದ್ದು ಯಾವುದು, ಬಿಟ್ಟದ್ದು ಯಾವುದು ಗೊತ್ತಾಗುವುದಿಲ್ಲ.

ಹೊಗೆಕೊಳವೆಯ ಸುತ್ತ ಮಾತ್ರ ಈ ಫೋಮ್ ತಗುಲಿಸಲೇಬಾರದು, ಅದು ಉರಿಯುವ ವಸ್ತು. ಫರ್ನೇಸ್ ಅಥವಾ ವಾಟರ್ ಹೀಟರಿನ ಲೋಹದ ಕೊಳವೆ ಅಟ್ಟ ಹೊಗುವ ಕಡೆ ತಗಡನ್ನು ಎರಡು ಅರ್ಧಚಂದ್ರಗಳಾಗಿ ಕತ್ತರಿಸಿ ಮೊಳೆ ಹೊಡೆದು, ಕೊಳವೆಗೆ ತಾಗುವ ಅಂಚನ್ನು ಹೆಚ್ಚು ಬಿಸಿ ತಡೆಯುವ ಸೀಲೆಂಟ್‌ನಿಂದ ಮುಚ್ಚಿ. ಆಮೇಲೆ ಕೊಳವೆಯ ಸುತ್ತ ತಗಡಿನದೇ ತೊಟ್ಟಿ ಕಟ್ಟಿ, ಊದಿದ ಪದಾರ್ಥ ಒಳಗೆ ಬೀಳದಂತೆ. ಎಷ್ಟು ಅಂತರ ಬಿಡಬೇಕೆಂಬುದು ಕೊಳವೆಯ ಮೇಲೇ ಬರೆದಿರುತ್ತದೆ. ಇಟ್ಟಿಗೆಯ ಚಿಮಣಿಗಾದರೆ ಎರಡಿಂಚು ಬಿಡಿ.

ಸೀಲಿಂಗಿನಲ್ಲಿ ಹುದುಗಿಸಿದ ಡಬ್ಬಿ ಲೈಟುಗಳ ಮೇಲೆ ಚೀಟಿ ಹುಡುಕಿ. ‘ಐಸಿ’ ಎಂದಿದ್ದರೆ ಇನ್ಸುಲೇಶನ್ ತಾಗಬಹುದು. ಇಲ್ಲದಿದ್ದರೆ ಮೂರಿಂಚು ದೂರವಿರಬೇಕು. ದೂರ ಬಿಟ್ಟು ತೊಟ್ಟಿ ಕಟ್ಟುವ ಬದಲು ಆ ಡಬ್ಬಿಯನ್ನೇ ತೆಗೆದು, ಗಾಳಿ ಬಿಗಿಯಾದ ಐಸಿ ಎಲ್‌ಇಡಿ ಹಾಕಿಸಿಬಿಡುವುದು ಒಳ್ಳೆಯದು. ನಾನು ನಾಲ್ಕನ್ನು ಬದಲಿ ಮಾಡಿಸಿದೆ. ಮಾಡಿದ ಖರ್ಚುಗಳಲ್ಲಿ ಇದಕ್ಕೆ ಮಾತ್ರ ಒಮ್ಮೆಯೂ ಮರುಗಿಲ್ಲ.

ಬಚ್ಚಲಿನ ಫ್ಯಾನ್ ಹಬೆಯನ್ನು ಎಲ್ಲಿಗೆ ಉಗುಳುತ್ತದೆ ನೋಡಿ. ಹಳೇ ಮನೆಗಳಲ್ಲಿ ಅದು ಅಟ್ಟದಲ್ಲೇ ಬಾಯಿ ತೆರೆದಿರುತ್ತದೆ. ಛಾವಣಿಯಿಂದಲೋ ಗೋಡೆಯಿಂದಲೋ ಹೊರಗೆ ಹೋಗುವಂತೆ ಡಕ್ಟ್ (ಗಾಳಿಕೊಳವೆ) ಜೋಡಿಸಿ. ಸುತ್ತ ಇನ್ಸುಲೇಶನ್ ಇರುವ ಡಕ್ಟೇ ಇರಲಿ, ಇಲ್ಲದಿದ್ದರೆ ಹಬೆ ಅದರೊಳಗೇ ನೀರಾಗಿ ಫ್ಯಾನಿನ ಮೂಲಕ ತಲೆಯ ಮೇಲೆ ಹನಿಯುತ್ತದೆ. ಟೆಕ್ಸಾಸಿನಂಥ ಕಡೆ ಎಸಿ ಡಕ್ಟುಗಳೂ ಅಟ್ಟದಲ್ಲೇ ಓಡುತ್ತವೆ. ಅವುಗಳ ಕೀಲುಗಳಿಗೆ ಮ್ಯಾಸ್ಟಿಕ್ ಎಂಬ ಸಂದಿ ಮುಚ್ಚುವ ಅಂಟು ಬಳಿಯುವ ಕೆಲಸವೂ ಈಗಲೇ ಆಗಬೇಕು, ಊದಿದ ಮೇಲೆ ಅವು ಸುಲಭಕ್ಕೆ ಕೈಗೆ ಸಿಗುವುದಿಲ್ಲ.

ಇಷ್ಟೆಲ್ಲ ಬಿಗಿ ಮಾಡಿದ ಮೇಲೆ ಒಂದು ಅಪಾಯ ಹೊಸದಾಗಿ ಹುಟ್ಟಬಹುದು. ಬೇಸ್‌ಮೆಂಟಿನಲ್ಲಿ ಹಳೇ ಮಾದರಿಯ ಗ್ಯಾಸ್ ವಾಟರ್ ಹೀಟರ್ ಇದ್ದರೆ ಅದು ತನ್ನ ಹೊಗೆಯನ್ನು ಫ್ಯಾನಿನ ನೆರವಿಲ್ಲದೆ, ಬರೀ ಬಿಸಿಯ ಬಲದಿಂದ ಮೇಲೆ ಕಳಿಸುತ್ತದೆ. ಮನೆ ಬಿಗಿಯಾಗಿ, ಅಡುಗೆಮನೆ-ಬಚ್ಚಲಿನ ಫ್ಯಾನುಗಳು ಗಾಳಿ ಎಳೆಯತೊಡಗಿದರೆ ಆ ಹೊಗೆ ಒಳಕ್ಕೇ ತಿರುಗಬಹುದು. ಕಾರ್ಬನ್ ಮಾನಾಕ್ಸೈಡಿಗೆ ಇಂಗಿನಂತೆ ವಾಸನೆ ಇಲ್ಲ. ಪ್ರತಿ ಅಂತಸ್ತಿನಲ್ಲೂ ಅದರ ಅಲಾರ್ಮ್ ಹಾಕಿ, ಕೆಲಸ ಮುಗಿದ ಮೇಲೆ ತಂತ್ರಜ್ಞರಿಂದ ಹೊಗೆಯ ಸೆಳೆತ ಪರೀಕ್ಷೆ ಮಾಡಿಸಿ.

ಸೂರಿನ ಉಸಿರು ಕಟ್ಟಬಾರದು

ಮನೆಯ ಗಾಳಿ ಅಟ್ಟಕ್ಕೆ ಬರಬಾರದು, ಹೊರಗಿನ ಗಾಳಿ ಅಟ್ಟದಲ್ಲಿ ಆಡಲೇಬೇಕು. ಸೂರಿನ ಕೆಳಗಿನ ಸಾಫಿಟ್ ವೆಂಟ್ ಎಂಬ ಗಾಳಿಕಿಂಡಿಯಿಂದ ಒಳಬಂದು ನೆತ್ತಿಯ ವೆಂಟಿನಿಂದ ಹೊರಹೋಗುವ ಆ ಗಾಳಿ ಛಾವಣಿಯನ್ನು ಒಣಗಿಸಿಡುತ್ತದೆ. ಸೂರಿನ ಕಡೆ ಊದಿದ ಪದಾರ್ಥ ತುಂಬಿಕೊಂಡರೆ ಆ ದಾರಿ ಮುಚ್ಚಿತು. ಅದಕ್ಕೇ ಪ್ರತಿ ಎರಡು ಪಕಾಸಿಗಳ ನಡುವೆ ಬ್ಯಾಫಲ್ ಎಂಬ ಫೋಮ್ ಅಥವಾ ರಟ್ಟಿನ ದೋಣಿಯನ್ನು ಛಾವಣಿ ಹಲಗೆಗೆ ಸ್ಟೇಪಲ್ ಹೊಡೆಯುವುದು. ಹಲಗೆಗೂ ಅದಕ್ಕೂ ನಡುವೆ ಕನಿಷ್ಠ ಒಂದಿಂಚು ಗಾಳಿಗೆ ದಾರಿ ಇರಬೇಕು. ಬ್ಯಾಫಲಿನ ಕೆಳಗೆ, ಹೊರಗೋಡೆಯ ನೆತ್ತಿಯ ಮೇಲೆ ಉಳಿಯುವ ಬಾಯಿಗೆ ಫೈಬರ್‌ಗ್ಲಾಸ್ ತುಂಡು ಮಡಚಿ ತುರುಕಿ. ಇಲ್ಲದಿದ್ದರೆ ಸಾಫಿಟ್ ಗಾಳಿ ನೀವು ಊದಿದ ಅಂಚನ್ನು ದಿನವೂ ಕೊರೆಯುತ್ತಿರುತ್ತದೆ.

ಹೊಟ್ಟೆಯ ಮೇಲೆ ಹರಿದು, ತಲೆಗೆ ಛಾವಣಿಯ ಮೊಳೆ ಚುಚ್ಚಿಸಿಕೊಂಡು ಮಾಡುವ ಈ ಕೆಲಸ ಇಡೀ ಯೋಜನೆಯಲ್ಲೇ ಕೆಟ್ಟದ್ದು. ಹಳೇ ಸೈಕಲ್ ಹೆಲ್ಮೆಟ್ ಹಾಕಿಕೊಳ್ಳಿ, ನಗುವವರು ನಗಲಿ.

ಅಟ್ಟದ ಬಾಯಿಗೆ ಸುತ್ತ 16-18 ಇಂಚೆತ್ತರದ ಪ್ಲೈವುಡ್ ಕಟ್ಟೆ ಕಟ್ಟಿ, ಇಲ್ಲದಿದ್ದರೆ ಮುಚ್ಚಳ ತೆರೆದಾಗಲೆಲ್ಲ ರದ್ದಿ ಪೇಪರಿನ ಅಭಿಷೇಕ. ಮುಚ್ಚಳದ ಬೆನ್ನಿಗೆ ಗಟ್ಟಿ ಫೋಮ್ ಹಲಗೆ ಮೂರ್ನಾಲ್ಕು ಪದರ ಅಂಟಿಸಿ, ಅಂಚಿಗೆ ರಬ್ಬರ್ ಪಟ್ಟಿ ಹಾಕಿ. ಇಳಿಬಿಡುವ ಏಣಿ ಇದ್ದರೆ ಅದರ ಮೇಲೆ ಕೂರುವ ಫೋಮ್ ಪೆಟ್ಟಿಗೆ ಕಟ್ಟಿಕೊಳ್ಳಬಹುದು. ಕೊನೆಯದಾಗಿ, ಇಂಚು ಅಚ್ಚಾದ ರಟ್ಟಿನ ಅಳತೆಪಟ್ಟಿಗಳನ್ನು ಬಾಯಿಯ ಕಡೆಗೆ ಮುಖ ಮಾಡಿ ಜಂತೆಗಳಿಗೆ ಹೊಡೆಯಿರಿ, 300 ಚದರಡಿಗೆ ಒಂದಾದರೂ ಇರಲಿ. ಹಳೇ ಹಾಸಿನ ಮೇಲೆ ಪ್ಲಾಸ್ಟಿಕ್ ಹಾಳೆ ಮಾತ್ರ ಹಾಸಬೇಡಿ, ಹಬೆ ಅದರಡಿ ಸಿಕ್ಕಿಕೊಂಡು ಕೊಳೆಯುತ್ತದೆ.

ಊದುವ ದಿನ

ದೊಡ್ಡ ಹಾರ್ಡ್‌ವೇರ್ ಅಂಗಡಿಗಳು ಇಂತಿಷ್ಟು ಮೂಟೆ ಕೊಂಡರೆ ಊದುವ ಯಂತ್ರವನ್ನು ಒಂದು ದಿನಕ್ಕೆ ಬಾಡಿಗೆಯಿಲ್ಲದೆ ಕೊಡುವುದುಂಟು, ಮೊದಲೇ ಕೇಳಿ ಕಾದಿರಿಸಿ. ನೀವು ಕೊಂಡ ಪದಾರ್ಥಕ್ಕೆ ಆ ಯಂತ್ರ ಹೊಂದುತ್ತದೆಯೇ ಎಂಬುದನ್ನೂ ಕೇಳಿ. ಫೈಬರ್‌ಗ್ಲಾಸಿಗೆಂದೇ ಮಾಡಿದ ಯಂತ್ರಕ್ಕೆ ಸೆಲ್ಯುಲೋಸ್ ಹಾಕಿದರೆ ಕಟ್ಟಿಕೊಳ್ಳುತ್ತದೆ. ಯಂತ್ರ ಭಾರ, ವ್ಯಾನ್ ಅಥವಾ ಪಿಕಪ್ ಬೇಕು. ಮೂಟೆಗಳಿಗೆ ಇನ್ನೊಂದು ಸುತ್ತು.

ಯಂತ್ರವನ್ನು ಗ್ಯಾರೇಜಿನ ಬಾಯಲ್ಲಿ, ಹೊರಗಾಳಿ ಆಡುವಲ್ಲಿ ಇಡಿ. ಅದಕ್ಕೆ ಬೇರೇನೂ ಓಡದ ಒಂದು ಸರ್ಕ್ಯೂಟ್ ಬೇಕು, ದಪ್ಪ ತಂತಿಯ ಎಕ್ಸ್‌ಟೆನ್ಶನ್ ಕಾರ್ಡ್ ಬೇಕು. ಹೋಸ್ ಮನೆಯೊಳಗೆ ಹಾಯುವ ದಾರಿಯುದ್ದಕ್ಕೂ ಹಳೇ ಬೆಡ್‌ಶೀಟ್ ಹಾಸಿ, ಹೋಸಿನ ಕೀಲುಗಳಿಗೆ ಟೇಪ್ ಸುತ್ತಿ. ಒಬ್ಬರು ಕೆಳಗೆ ಮೂಟೆ ಒಡೆದು ಉಂಡೆ ಪುಡಿಮಾಡಿ ಹಾಪರಿಗೆ, ಅಂದರೆ ಯಂತ್ರದ ಬಾಯಿಗೆ, ಹಾಕಬೇಕು, ಇನ್ನೊಬ್ಬರು ಮೇಲೆ ಹೋಸ್ ಹಿಡಿಯಬೇಕು. ಹಾಪರಿನೊಳಗೆ ಕೈಯಾಗಲಿ ಕೋಲಾಗಲಿ ಹಾಕಬಾರದು. ಇಬ್ಬರಿಗೂ ಮಾಸ್ಕ್ ಬೇಕು, ಮೂಟೆ ಒಡೆಯುವವರು ಕುಡಿಯುವ ಧೂಳು ಮೇಲಿನವರಿಗಿಂತ ಕಡಿಮೆಯೇನಲ್ಲ.

ಯಂತ್ರದ ಸದ್ದಿನಲ್ಲಿ ಕೂಗಿದರೆ ಕೇಳಿಸದು. ನಾನೂ ಬೀದಿಯಾಚೆಯ ಗೆಳೆಯನೂ ಫೋನ್ ಕರೆ ತೆರೆದಿಟ್ಟುಕೊಂಡು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆವು. ‘ಬಿಡು’, ‘ನಿಲ್ಸು’ ಎರಡೇ ಮಾತು. ‘ಸಾಕು’ ಎಂಬುದನ್ನು ಬಳಸಬೇಡಿ, ಅದು ‘ಹಾಕು’ ಎಂದು ಕೇಳಿಸುತ್ತದೆ. ನಮಗೆ ಕೇಳಿಸಿತು.

ದೂರದ ಮೂಲೆಯಿಂದ ಶುರುಮಾಡಿ ಬಾಯಿಯ ಕಡೆಗೆ ಹಿಂದೆ ಹಿಂದೆ ಬನ್ನಿ. ಹೋಸನ್ನು ನೆಲಕ್ಕೆ ಸಮವಾಗಿ ಹಿಡಿದು, ಪದಾರ್ಥ ಏಳೆಂಟು ಅಡಿ ದೂರ ಹೋಗಿ ಹಿಮದಂತೆ ಬೀಳಲು ಬಿಡಿ. ಸೂರಿನ ಕಡೆ ಮಾತ್ರ ಹತ್ತಿರದಿಂದ, ನಿಧಾನವಾಗಿ, ಬ್ಯಾಫಲಿಗೆ ನೇರ ಗುರಿಯಿಡದೆ ಊದಿ. ಛಾವಣಿ ತಗ್ಗಿರುವ ಆ ಅಂಚಿನಲ್ಲಿ ಪೂರ್ತಿ ಎತ್ತರ ಸಿಗುವುದಿಲ್ಲ, ಸಿಕ್ಕಷ್ಟಕ್ಕೆ ತೃಪ್ತಿಪಡಿ. ಹೋಸ್ ಥಟ್ಟನೆ ಹಗುರಾದರೆ ಹಾಪರ್ ಖಾಲಿಯಾಗಿದೆ ಅಥವಾ ನಡುವೆ ಕಟ್ಟಿಕೊಂಡಿದೆ. ಯಂತ್ರ ನಿಲ್ಲಿಸಿ, ಹೋಸ್ ಬಿಚ್ಚಿ, ನೆಲಕ್ಕೆ ಬಡಿದು ಬಿಡಿಸಿ.

ಇಲ್ಲೇ ನಾನು ಎಡವಿದ್ದು. ಅಳತೆಪಟ್ಟಿ ಎಲ್ಲ ಕಡೆಯೂ ಬೇಕಾದ ಇಂಚು ತೋರಿಸಿದಾಗ ಗೆದ್ದೆವೆಂದುಕೊಂಡು ಕೆಳಗಿಳಿದೆ. ಗ್ಯಾರೇಜಿನಲ್ಲಿ ಒಂಬತ್ತು ಮೂಟೆ ಉಳಿದಿದ್ದವು. ಗೆಳೆಯ ವಾಪಸ್ ಕೊಟ್ಟು ದುಡ್ಡು ತರೋಣ ಎಂದ. ಮೂಟೆಯ ಕೋಷ್ಟಕವನ್ನು ಇನ್ನೊಮ್ಮೆ ಓದಿದ ಮೇಲೆ ಅರ್ಥವಾಯಿತು. ನಾವು ಗಾಳಿ ಹೆಚ್ಚಿಟ್ಟು ಊದಿದ್ದರಿಂದ ಸೆಲ್ಯುಲೋಸ್ ಅರಳಿಕೊಂಡು ಕೂತಿತ್ತು. ಎತ್ತರ ಇತ್ತು, ಸತ್ವ ಇರಲಿಲ್ಲ. ಕುಗ್ಗಿದ ಮೇಲೆ ನಮ್ಮ ಲೆಕ್ಕಕ್ಕಿಂತ ತಗ್ಗಿರುತ್ತಿತ್ತು. ಗಾಳಿಯ ಗೇಟು ತಗ್ಗಿಸಿ ಆ ಒಂಬತ್ತನ್ನೂ ಸಮವಾಗಿ ಊದಿದೆವು. ಇಂಚಿಗಿಂತ ಮೂಟೆಯ ಲೆಕ್ಕವನ್ನು ನಂಬಿ. ಕೂಲಿಗೆ ಕೊಟ್ಟು ಮಾಡಿಸುವವರಂತೂ ಖಾಲಿ ಮೂಟೆಗಳನ್ನು ಎಣಿಸಿಯೇ ದುಡ್ಡು ಕೊಡಿ.

ಊದಿ ಮುಗಿದ ಮೇಲೆ ಯಾವ ಪದಾರ್ಥ, ಎಷ್ಟು ಮೂಟೆ, ಯಾವ ದಿನ, ಎಷ್ಟು ಆರ್ ಎಂದು ಒಂದು ರಟ್ಟಿಗೆ ಬರೆದು ಅಟ್ಟದ ಬಾಯಿಯ ಪಕ್ಕ ಹೊಡೆಯಿರಿ. ಮನೆ ಮಾರುವ ದಿನ ಕೊಳ್ಳುವವರ ಇನ್‌ಸ್ಪೆಕ್ಟರ್ ಮೊದಲು ನೋಡುವುದು ಅದನ್ನೇ.

ದುಡ್ಡಿನ ಮಾತು

ಹಳೇ ಲೇಖನಗಳಲ್ಲಿ ಕೇಂದ್ರದ ತೆರಿಗೆ ವಿನಾಯಿತಿಯ ಮಾತು ಕಾಣುತ್ತೀರಿ. ಸಾಮಾನಿನ ಬೆಲೆಯ 30%, ವರ್ಷಕ್ಕೆ 1,200 ಡಾಲರ್ ಮಿತಿಯೊಳಗೆ ಸಿಗುತ್ತಿತ್ತು. 2025ರ ಜುಲೈ 4ರಂದು ಸಹಿಯಾದ ಕಾನೂನು ಅದನ್ನು ಆ ವರ್ಷದ ಡಿಸೆಂಬರ್ 31ಕ್ಕೆ ಕೊನೆಗೊಳಿಸಿತು. 2026ರಿಂದ ಮಾಡುವ ಕೆಲಸಕ್ಕೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ರಾಜ್ಯದ ಅಥವಾ ನಿಮ್ಮ ಗ್ಯಾಸ್, ಕರೆಂಟ್ ಕಂಪನಿಯ ರಿಬೇಟ್ ಇದೆಯೇ ಎಂದು ಕೆಲಸ ಶುರುವಾಗುವ ಮೊದಲೇ ವಿಚಾರಿಸಿ. ಕೆಲವು ಕಡೆ ಮೊದಲು ಅವರಿಂದ ಮನೆಯ ತಪಾಸಣೆ (ಆಡಿಟ್) ಆಗಿರಬೇಕೆಂದು, ಕೆಲವು ಕಡೆ ಅವರ ಪಟ್ಟಿಯ ಗುತ್ತಿಗೆದಾರರೇ ಮಾಡಿರಬೇಕೆಂದು ಷರತ್ತಿರುತ್ತದೆ. ಮನೆಯಿಂದ ಗಾಳಿ ಎಷ್ಟು ಸೋರುತ್ತದೆಂದು ಬಾಗಿಲಿಗೆ ದೊಡ್ಡ ಫ್ಯಾನ್ ಕಟ್ಟಿ ಅಳೆಯುವ ಬ್ಲೋವರ್ ಡೋರ್ ಪರೀಕ್ಷೆ ಆ ಆಡಿಟ್‌ನಲ್ಲಿ ಸೇರಿದ್ದರೆ, ತೂತು ಮುಚ್ಚುವ ಮೊದಲು ಒಮ್ಮೆ, ನಂತರ ಒಮ್ಮೆ ಮಾಡಿಸುವುದು ವಾಸಿ.

ಮೊದಲ ಮಂಜಿನ ಬೆಳಗ್ಗೆ

ಕೆಲಸ ಸರಿಯಾಗಿದೆಯೇ ಎಂದು ನೋಡಲು ಬಿಲ್ಲಿಗಾಗಿ ಕಾಯಬೇಕಿಲ್ಲ. ಎರಡು-ಮೂರು ಇಂಚು ಮಂಜು ಬಿದ್ದ ರಾತ್ರಿಯ ಮರುದಿನ, ಬಿಸಿಲೇರುವ ಮೊದಲು ಬೀದಿಯಾಚೆ ನಿಂತು ಛಾವಣಿ ನೋಡಿ. ಹೊದಿಕೆ ಸರಿಯಿದ್ದರೆ ಮಂಜು ಎಲ್ಲ ಕಡೆಯೂ ಒಂದೇ ಸಮ ಕೂತಿರುತ್ತದೆ. ಪಕಾಸಿಗಳ ಗೆರೆ ಮೂಡಿದ್ದರೆ, ಅಲ್ಲಲ್ಲಿ ಕರಗಿ ಕಪ್ಪು ಕಂಡರೆ ಶಾಖ ಸೋರುತ್ತಿದೆ. ನಮ್ಮ ಛಾವಣಿಯಲ್ಲಿ ಆ ವರ್ಷ ಕಂಡದ್ದು ಒಂದೇ ಕಪ್ಪು ಕಲೆ, ತಟ್ಟೆಯಷ್ಟಗಲ. ಸರಿಯಾಗಿ ಬಚ್ಚಲಿನ ಫ್ಯಾನಿನ ಮೇಲೆ. ನಾನೇ ಜೋಡಿಸಿದ ಡಕ್ಟಿನ ಕೀಲು ಕಳಚಿಕೊಂಡಿತ್ತು. ಹಲಗೆ ಹಿಡಿದು ಮತ್ತೆ ಹತ್ತಿ, ಮೊಣಕಾಲಿನವರೆಗಿನ ರದ್ದಿ ಪೇಪರನ್ನು ಕೈಯಿಂದ ಸರಿಸಿ, ಟೇಪಿನ ಬದಲು ಈ ಸಲ ಲೋಹದ ಕ್ಲಾಂಪ್ ಬಿಗಿದು ಬಂದೆ.